ಹಲ್ಲಿನ ಗುರುತು

"ಬಿಚ್ಚೇ ಮುಂಡೆ! ನಿನ್ನ ಸೊಂಟ ನೋಡಾಕೆ ಯಾರೂ ಬಂದಿಲ್ಲ ಇಲ್ಲಿ. ತಾಯತ ಬಿಚ್ಚು."

ಜಗಲಿಯ ಮೇಲಿಂದ ಪಟೇಲ ಮಾಲತೇಶ್ ಗದರಿದ. ಪಕ್ಕದಲ್ಲಿ ಮ್ಯೂಸಿಯಮ್ಮಿನ ಸಾಹೇಬರು ಕೂತಿದ್ದರು. ಅಂಗಳದಲ್ಲಿ ನಿಂತಿದ್ದ ತುಂಬು ಬಸುರಿ ನಾಗಶ್ರೀ ಸೊಂಟದ ಕರಿದಾರವನ್ನು ಬಿಗಿಹಿಡಿದು ತಾಯಿಯತ್ತ ನೋಡಿದಳು. ಸಗಣಿ ಸಾರಿಸುತ್ತಿದ್ದ ದುರ್ಗಮ್ಮ ಕೈ ಒರೆಸಿಕೊಳ್ಳುವುದನ್ನೂ ಮರೆತು ಎದ್ದು ಬಂದಳು.

"ಒಡೆಯಾ, ನಾಳೆ ಸೊರಬದ ಆಸ್ಪತ್ರೆಗೆ ಕರ್ಕಂಡು ಹೋಗ್ಬೇಕು. ಹೆರಿಗೆ ಆಗೋತಂಕ ತೆಗೀಬಾರ್ದು. ಆಮೇಲೆ ನಾನೇ ತಂದ್ ಕೊಡ್ತೀನಿ."

"ಸಾಹೇಬ್ರು ನಿನ್ನ ಮಗಳು ಹಡೆಯೋದು ಕಾಯ್ಕಂಡು ಕೂರ್ಬೇಕೇನೇ? ನೀವು ಕಾಲು ಚಾಚೋ ಜಾಗ ಯಾರದ್ದು, ಮರ್ತ್ಯಾ?"

ಮರೆತಿರಲಿಲ್ಲ. ಕೇರಿಯ ಗುಡಿಸಲುಗಳೆಲ್ಲ ಪಟೇಲರ ಹಿತ್ತಲಿಗೇ ಅಂಟಿಕೊಂಡಿದ್ದವು. ಹೆರುವವಳ ಕೂಗು ದೊಡ್ಡಮನೆಗೆ ಕೇಳಿಸಬಾರದೆಂದೇ ನೋವು ಬಂದಾಗ ತಾಯತವನ್ನು ಬಾಯಿಗೆ ಕೊಡುತ್ತಿದ್ದರು. ಹೆಬ್ಬೆರಳು ಗಾತ್ರದ ಆ ಬೆಳ್ಳಿ ಕೊಳವೆಯ ಮೇಲೆ ದುರ್ಗಮ್ಮನ ಹಲ್ಲಿನ ಗುರುತೂ ಮೂಡಿತ್ತು, ನಾಗಶ್ರೀ ಹುಟ್ಟಿದ ದಿನದ್ದು.

"ಹೆದರ್ಬೇಡಿ ಅಮ್ಮ," ಎಂದ ಮ್ಯೂಸಿಯಮ್ಮಿನ ಹರ್ಷವರ್ಧನ, ಮೆತ್ತಗೆ. ಮುಂದೆ ಹತ್ತಿ ತುಂಬಿದ ಡಬ್ಬಿ ತೆರೆದಿಟ್ಟುಕೊಂಡಿದ್ದ. "ಗಾಜಿನೊಳಗೆ ಭದ್ರವಾಗಿರುತ್ತೆ. ನೋಡಿ, ಇದೇ ಹೊಸಬಾಳೆ ಊರಿನ ಇನ್ನೊಂದು ನಮ್ಮಲ್ಲಿ ಆಗ್ಲೇ ಇದೆ."

ಅವನು ಚಾಚಿದ ಫೋನಿನಲ್ಲಿ, ಕೆಂಪು ಬಟ್ಟೆಯ ಮೇಲೊಂದು ತಾಯತ. ಅದರ ಮೇಲೂ ಹಲ್ಲಿನ ಗುರುತುಗಳು. ನಡುವೆ ಒಂದು ಹಲ್ಲಿನಷ್ಟು ಜಾಗ ನುಣ್ಣಗಿತ್ತು.

ದುರ್ಗಮ್ಮನ ಅಕ್ಕ ಸುಂಕಲಮ್ಮನಿಗೆ ಮುಂದಿನ ಹಲ್ಲೊಂದು ಇರಲಿಲ್ಲ. ಹೆರಿಗೆಯಲ್ಲೇ ಹೋದಳು. ಹಾಗೆ ಹೋದವಳ ತಾಯತವನ್ನು ಅವಳ ಜೊತೆಗೇ ಹೂಳಬೇಕು. ಇಲ್ಲದಿದ್ದರೆ ಮುಂದಿನ ಬಸುರಿಯ ಬಾಗಿಲಿಗೆ ಕೂಸು ಕೇಳಿಕೊಂಡು ಬರುತ್ತಾಳೆ. ದುರ್ಗಮ್ಮ ತನ್ನ ಕೈಯಾರೆ ಅದನ್ನು ಅಕ್ಕನ ಸೊಂಟಕ್ಕೆ ಕಟ್ಟಿ, ಮಣ್ಣು ಹಾಕಿದ್ದಳು.

"ಇದು ನಮ್ಮಕ್ಕಂದು. ಮಣ್ಣಾಗಿತ್ತು, ಒಡೆಯಾ."

ಹರ್ಷವರ್ಧನ ತಿರುಗಿದ. "ನಿಮ್ಮ ತಂದೆಯವರು ಕೊಟ್ಟಿದ್ದಲ್ವಾ, ಪಟೇಲ್ರೇ?"

"ಹೂಂ ರೀ. ಜಮೀನು ನಮ್ದು, ಅದ್ರೊಳಗೆ ಸಿಕ್ಕಿದ್ದೂ ನಮ್ದೇ." ಪಟೇಲ ನಕ್ಕ. "ಮಣ್ಣಾಗೆ ಕೊಳೆಯೋ ಬದ್ಲು ಗಾಜಿನ ಮನೆ ಸೇರಿದ್ಲು. ಪುಣ್ಯವಂತೆ!"

ಹರ್ಷವರ್ಧನ ಫೋನು ಜೇಬಿಗಿಳಿಸಿದ. ಡಬ್ಬಿ ಮುಚ್ಚಲಿಲ್ಲ.

ಹಾಗಾದರೆ ಅಕ್ಕ ಇಷ್ಟು ವರ್ಷ ಬರಿಗೈಯಲ್ಲಿ ತಿರುಗುತ್ತಿದ್ದಾಳೆ. ಕೇರಿಯಲ್ಲಿ ಕೈಗೆ ಹತ್ತದೆ ಸತ್ತ ಕೂಸುಗಳೆಲ್ಲ ದುರ್ಗಮ್ಮನ ಕಣ್ಣೆದುರು ಬಂದವು.

ಪಟೇಲ ಕೆಳಗಿಳಿದ. ಕೇರಿಯವರನ್ನು ಅವನು ಮುಟ್ಟುವುದಿಲ್ಲ. ಕೋಲಿನ ತುದಿಯನ್ನು ನಾಗಶ್ರೀಯ ಸೊಂಟದ ದಾರಕ್ಕೆ ಸಿಕ್ಕಿಸಿ ಜಗ್ಗಿದ. ದಾರ ಕಡಿದುಹೋಯಿತು. ತಾಯತ ನೆಲಕ್ಕೆ ಬಿತ್ತು. ನಾಗಶ್ರೀ ಹೊಟ್ಟೆ ಹಿಡಿದು ಕುಸಿದಳು.

"ಅವ್ವಾ... ಬ್ಯಾನೆ!"

ಪಟೇಲ ಕೋಲಿನಿಂದ ಅದನ್ನು ಎಳೆದುಕೊಳ್ಳುವ ಮೊದಲೇ ದುರ್ಗಮ್ಮ ಸಗಣಿಗೈಯಲ್ಲಿ ತಾಯತ ಬಾಚಿಕೊಂಡು ತನ್ನ ಬಾಯಿಗೆ ಹಾಕಿಕೊಂಡಳು. ಹಲ್ಲು ಹಳೆಯ ಗುಳಿಗಳಲ್ಲಿ ಕೂತವು.

"ಎಂಜಲು ಮಾಡಿದ್ಯಲ್ಲೇ ಬೋಸುಡಿ! ಉಗುಳೇ!"

ಕೋಲು ಅವಳ ಗಂಟಲಿಗೆ ಒತ್ತಿತು. ಅವಳು ಉಗುಳಲಿಲ್ಲ.

ಕಚ್ಚಿಕೊಳ್ಳಲು ಏನೂ ಇಲ್ಲದ ನಾಗಶ್ರೀ ಕೂಗಿದಳು. ಆ ಅಂಗಳದಲ್ಲಿ ಅಂಥ ಕೂಗು ಯಾರೂ ಕೇಳಿರಲಿಲ್ಲ. ಹಿತ್ತಲಾಚೆ ತಟ್ಟಿಬಾಗಿಲುಗಳು ತೆರೆದುಕೊಂಡವು. ಮಗಳ ಬಾಯಿ ಮುಚ್ಚಲು ದುರ್ಗಮ್ಮನ ಕೈ ತಾನಾಗಿಯೇ ಎದ್ದಿತು.

ಅರ್ಧದಲ್ಲೇ ಕೈ ಕೆಳಗಿಳಿಸಿದಳು.