ಕೆರೆಯ ಹಕ್ಕಿಗಳನ್ನು ಕೂತಲ್ಲೇ ಎಣಿಸಿದವನು

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಇನ್ನೆರಡು ಬಾತುಕೋಳಿ ಸತ್ತು ಬಿದ್ದಿದ್ದವು. ಬಾತುಕೋಳಿ ಸಾಕುವ ಆ ಮನೆಯಾಕೆಯನ್ನು ಬೀದಿಯವರೆಲ್ಲ ಬಾತಕ್ಕ ಅಂತಲೇ ಕರೆಯುತ್ತಾರೆ. ಮೊಟ್ಟೆ ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿರುವವಳು. ಈಗ ಹಿಂಡಿನಲ್ಲಿ ಅರ್ಧವೂ ಉಳಿದಿಲ್ಲ.

ಕಾರಣ ಯಾರಿಗೂ ಗೊತ್ತಿಲ್ಲದ್ದೇನಲ್ಲ. ಕೆರೆಯ ಆಚೆ ದಡದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಇದೆ. ಅದರ ಕೊಳಕು ನೀರು ಹಗಲುಹೊತ್ತಿನಲ್ಲೇ ರಾಜಾರೋಷವಾಗಿ ಕೆರೆಗೆ ಬಂದು ಬೀಳುತ್ತದೆ. ಬಾತುಕೋಳಿಗಳು ಮೇಯುವುದೂ ಅದೇ ಕೆರೆಯಲ್ಲಿ.

ಬಾತಕ್ಕ ಕೆರೆ ನೋಡಿಕೊಳ್ಳುವ ಕಚೇರಿಗೆ ದೂರು ಕೊಡಲು ಹೋದಳು. ವಾಪಸು ಬಂದಾಗ ಮುಖ ಕೆಂಡವಾಗಿತ್ತು. ಪಂಪು ರಿಪೇರಿ ಮಾಡುವ ಗಂಡ ಅಂಗಳದಲ್ಲಿ ಒಂದು ಪಂಪು ಬಿಚ್ಚಿಕೊಂಡು ಕೂತಿದ್ದ. ಬಾತಕ್ಕನ ಬಾಲ್ಯದ ಗೆಳತಿ, ದನದ ಡಾಕ್ಟರಮ್ಮ, ಸತ್ತ ಬಾತುಕೋಳಿಗಳನ್ನು ನೋಡುತ್ತಿದ್ದಳು.

“ಏನಂದ್ರು ಕಣೇ?” ಅಂತ ಗೆಳತಿ ಕೇಳಿದಳು.

“ನೀರು ಕೆಟ್ಟಿದ್ರೆ ಹಕ್ಕಿ ಯಾಕಮ್ಮ ಬರ್ತಾವೆ ಅಂದ್ರು. ಪ್ರತಿ ಚಳಿಗಾಲ ನಿಮ್ಮೂರಿನವರೇ ಎಣಿಸಿ ಕಳಿಸ್ತಾರೆ, ವರ್ಷದಿಂದ ವರ್ಷಕ್ಕೆ ಜಾಸ್ತಿನೇ ಆಗ್ತಿದೆ, ಕೆರೆಗೇನೂ ಆಗಿಲ್ಲ ಅಂತ ಕೈ ತೊಳ್ಕೊಂಡ್ರು. ಆ ಕೆರೇಲಿ ಕಾಡುಬಾತು ನೋಡಿ ಎಷ್ಟು ಕಾಲ ಆಯ್ತು ಹೇಳು. ಅದ್ಯಾವ ಪುಣ್ಯಾತ್ಮ ಎಣಿಸಿದ್ದು ಅಂತ ಕೇಳ್ದೆ.”

ಗಂಡ ತಲೆ ಎತ್ತಲಿಲ್ಲ. ಒಂದು ನಟ್ಟನ್ನು ಬಿಗಿ ಮಾಡಿದ, ಮತ್ತೆ ಅದನ್ನೇ ಸಡಿಲ ಮಾಡಿದ.

“ನಿಮ್ಮ ಹೆಸರು ಹೇಳಿದ್ರು ರೀ,” ಅಂದಳು ಬಾತಕ್ಕ.

ಊರಿನ ಪರವಾಗಿ ಎಣಿಸುವ ಹೊಣೆ ಹೊತ್ತಿದ್ದವನು ಅವನೇ, ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. ಕೆರೆಯ ಹತ್ತಿರ ಹೋಗಿ ಎಣಿಸುತ್ತಿದ್ದನೇ? ಇಲ್ಲ, ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು. ಹೋದ ವರ್ಷದ ಲೆಕ್ಕಕ್ಕೆ ಒಂದಿಷ್ಟು ಸೇರಿಸಿದರೆ ಮುಗಿಯಿತು. ಬೆಂಚಿನವರೂ ಧಾರಾಳಿಗಳು, ನನ್ನದೂ ಇಪ್ಪತ್ತು ಹಾಕು ಅನ್ನುವರು. ಎಲ್ಲ ಊರಿನ ಅಭಿಮಾನಕ್ಕಂತೆ. ಅಂಥ ಅಭಿಮಾನಕ್ಕಿಷ್ಟು ಬೆಂಕಿ ಹಾಕ.

“ಪಕ್ಕದೂರಿನವರು ನೂರುಗಟ್ಟಲೆ ಬರೀತಾರೆ,” ಅಂದ ಅವನು. “ನಾವು ಏಳೋ ಎಂಟೋ ಬರೆದ್ರೆ ಮರ್ಯಾದೆ ಉಳಿಯುತ್ತಾ?”

“ಭಾವ, ನಿಮ್ಮ ಮರ್ಯಾದೆ ಕಾರ್ಖಾನೆಯವರಿಗೆ ಚೆನ್ನಾಗಿ ಉಪಯೋಗಕ್ಕೆ ಬಂತು,” ಅಂದಳು ಡಾಕ್ಟರಮ್ಮ. “ಅವರ ಕೊಳಕಿಗೆ ನೀವೇ ಸರ್ಟಿಫಿಕೇಟ್ ಕೊಟ್ರಿ.”

“ಈಗ ಹಕ್ಕಿ ಎಣಿಸಿದ್ರೆ ಸತ್ತ ಬಾತುಕೋಳಿ ಎದ್ದು ಬರುತ್ತಾ ಡಾಕ್ಟರಮ್ಮ?”

“ಸತ್ತಿದ್ದು ಬರಲ್ಲ. ಉಳಿದಿದ್ದನ್ನ ಉಳಿಸ್ಕೋಬಹುದು. ಭಾನುವಾರ ಎಣಿಕೆ ಇದೆ. ದೂರದಿಂದ ಬರೋ ಹಕ್ಕಿಗಳು ಚಳಿಗಾಲದಲ್ಲಿ ಇಲ್ಲಿರ್ತಾವೆ, ಅದಕ್ಕೇ ಈಗ. ಬೆಳಕು ಹರಿಯೋ ಹೊತ್ತಿಗೆ ಬನ್ನಿ. ಗಲಾಟೆ ಮಾಡ್ಬೇಡಿ, ಕಲ್ಲು ಹೊಡೆದು ಎಬ್ಬಿಸ್ಬೇಡಿ. ಕಂಡಿದ್ದು ಎಷ್ಟೋ ಅಷ್ಟೇ ಬರೀರಿ. ಹೆಸರು ಗೊತ್ತಿಲ್ದಿದ್ರೆ ಕೊಕ್ಕು ಹೇಗಿತ್ತು, ಕಾಲು ಹೇಗಿತ್ತು ಹೇಳಿ, ಸಾಕು.”

“ಏನೂ ಕಾಣದಿದ್ರೆ?”

“ಸೊನ್ನೆ ಬರೀರಿ. ಮೈ ಸುಡ್ತಿರೋವಾಗ ಜ್ವರಾನೇ ಇಲ್ಲ ಅಂದ್ರೆ ಯಾವ ಡಾಕ್ಟರು ಮದ್ದು ಕೊಡ್ತಾರೆ?”

ಭಾನುವಾರ ಅವನು ಹೋದ. ಹೆಂಡತಿಯ ಬಾಯಿಗೆ ಹೆದರಿ ಹೋದ ಅಂತಲೇ ಇಟ್ಟುಕೊಳ್ಳಿ. ಮೂವರೂ ಕಂಬಳಿ ಹೊದ್ದು ದಡದಲ್ಲಿ ನಿಂತರು. ಮಂಜು ಕರಗಿದಾಗ ನೀರಿನ ಮೇಲೆ ನೇರಳೆ ಬಣ್ಣದ ನೊರೆ ಕಂಡಿತು. ಅವನು ಚಿಕ್ಕವನಿದ್ದಾಗ ಕಾಡುಬಾತುಗಳ ಗದ್ದಲಕ್ಕೆ ಅಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಈಗ ಬಿಸಿಲೇರುವ ತನಕ ಕಾದರೂ ಕಂಡಿದ್ದು ಏಳು ಬೆಳ್ಳಕ್ಕಿ, ಒಂದು ಮಿಂಚುಳ್ಳಿ.

“ಕಾಡುಬಾತು ಹತ್ತಾದ್ರೂ ಹಾಕ್ಲಾ?” ಅಂತ ಮೆಲ್ಲಗೆ ಕೇಳಿದ. ಬಾತಕ್ಕ ನೊರೆಯ ಕಡೆ ಕೈ ತೋರಿಸಿದಳು. ಅವನು ಕಾಡುಬಾತಿನ ಮುಂದೆ ಸೊನ್ನೆ ಬರೆದ.

ಆ ಲೆಕ್ಕ ನೋಡಿ ಕಚೇರಿಯ ಅಧಿಕಾರಿ ಜೀಪಿನಲ್ಲಿ ಬಂದರು. ಚಹಾ ಅಂಗಡಿಯ ಬೆಂಚಿನವರೂ ಸೇರಿ ಊರೇ ದಡದಲ್ಲಿ ನೆರೆಯಿತು.

“ಹೋದ ವರ್ಷ ಆರುನೂರು ಕಾಡುಬಾತು ಅಂತ ಬರೆದಿದ್ರಿ, ಈ ವರ್ಷ ಒಂದೂ ಇಲ್ಲ. ಯಾವುದನ್ನ ನಂಬೋದು?” ಅಂದರು ಅಧಿಕಾರಿ.

ಬೆಂಚಿನವರು ಒಬ್ಬರ ಹಿಂದೊಬ್ಬರು ಸರಿದರು. ಪಂಪು ರಿಪೇರಿಯವನು ಮುಂದೆ ಬಂದ.

“ಹೋದ ವರ್ಷದ್ದು ಸುಳ್ಳು ಸಾರ್. ಚಹಾ ಅಂಗಡೀಲಿ ಕೂತು ನಾನೇ ಬರೆದೆ. ನಾನು ತಪ್ಪು ಮಾಡ್ದೆ, ನಮ್ಮ ಮನೆ ಗೂಡು ಖಾಲಿ ಆಗ್ತಿದೆ. ಆದ್ರೆ ನೀವೂ ಒಂದ್ಸಲ ಬಂದು ನೀರು ನೋಡಿದ್ರೆ ನನ್ನ ಸುಳ್ಳು ಅವತ್ತೇ ಗೊತ್ತಾಗ್ತಿತ್ತು.”

ಅಧಿಕಾರಿ ಬಾಟಲಿಗಳಲ್ಲಿ ನೀರು ತುಂಬಿಸಿಕೊಂಡರು. ಜೀಪು ಹೊರಡುವಾಗ ಬಾತಕ್ಕ ಅಂದು ಬೆಳಿಗ್ಗೆ ಸತ್ತಿದ್ದ ಬಾತುಕೋಳಿಯನ್ನು ಚೀಲದಲ್ಲಿ ತಂದು ಅವರ ಕೈಗೇ ಕೊಟ್ಟಳು. “ಇದನ್ನೂ ಪರೀಕ್ಷೆ ಮಾಡ್ಸಿ. ರಿಪೋರ್ಟು ಕೇಳೋಕೆ ಸೋಮವಾರ ನಾವೆಲ್ಲ ಬರ್ತೀವಿ,” ಅಂದಳು. ಅವಳ ಪಕ್ಕದಲ್ಲಿ ಗಂಡ ನಿಂತಿದ್ದ.

ಕೇಳಿದಿರಲ್ಲ, ಈಗ ನಿಮ್ಮ ಸರದಿ. ಈ ಚಳಿಗಾಲ ನಿಮ್ಮೂರಿನಲ್ಲೂ ಹಕ್ಕಿ ಎಣಿಕೆ ಇದ್ದರೆ ಹೋಗಿ. ದುರ್ಬೀನು ಬೇಕಿಲ್ಲ, ಪಾಂಡಿತ್ಯ ಬೇಕಿಲ್ಲ. ಕೆರೆಯವರೆಗೆ ನಡೆಯುವ ಕಾಲು, ಸ್ವಲ್ಪ ಹೊತ್ತು ಸುಮ್ಮನಿರುವ ಬಾಯಿ ಇದ್ದರೆ ಆಯಿತು. ಕಂಡಷ್ಟನ್ನೇ ಬರೆಯಿರಿ, ಸೊನ್ನೆಯಾದರೂ ಸರಿ. ನೀವು ಹೋಗದಿದ್ದರೆ ನಿಮ್ಮ ಕೆರೆ ಚೆನ್ನಾಗಿದೆ ಅಂತ ಬೇರೆ ಯಾರೋ ಬರೆದು ಕಳಿಸುತ್ತಾರೆ. ಆ ನೀರು ಕುಡಿಯುವವರು ಮಾತ್ರ ನೀವು.