ಜ್ವರವಿಲ್ಲದ ಕೇರಿ

“ಎರಡು ಒತ್ತೇ ಮುಂಡೆ! ಒಂದು ಒತ್ತಿ ನನ್ನ ಹೊಟ್ಟೆ ಮೇಲೆ ಹೊಡೀತೀಯಾ?”

ಮೇಸ್ತ್ರಿ ಕನ್ನಪ್ಪ ಚರಂಡಿಯ ದಂಡೆ ಮೇಲೆ ನಿಂತು ಕೂಗಿದ. ಮಾಸ್ತಮ್ಮ ಮೊಣಕಾಲುದ್ದ ಕೆಸರಿನಲ್ಲಿದ್ದಳು. ಸಲಿಕೆ ಒರಗಿಸಿ, ಸೀರೆಗೆ ಕೈ ಒರೆಸಿ, ಸೊಂಟದಿಂದ ಫೋನು ತೆಗೆದಳು. ಸಾಗರ ಪಟ್ಟಣದ ಬಡ ಕೇರಿಗಳಿಗೆಲ್ಲ ಅವತ್ತು ಬೆಳಿಗ್ಗೆ ಆರೋಗ್ಯ ಸರ್ವೆಯವರ ಮೆಸೇಜು ಬಂದಿತ್ತು: ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಜ್ವರವಿದೆಯೇ? ಹೌದಾದರೆ 1, ಇಲ್ಲವಾದರೆ 2 ಕಳುಹಿಸಿ.’

“ಮುಂಡೆ ಅನ್ಬೇಡ ಮೇಸ್ತ್ರಿ. ಗಂಡ ಇನ್ನೂ ಬದುಕಿದಾನೆ. ಐದು ದಿನದಿಂದ ಜ್ವರ, ಮೇಲೇಳಕ್ಕಾಗ್ತಿಲ್ಲ.”

“ಮಲ್ಗಿರ್ಲಿ. ಇಲ್ಲಿ ಜ್ವರ ಅಂತ ಗೊತ್ತಾದ್ರೆ ಚರಂಡಿ ಗುತ್ತಿಗೆ ಯಾರ್ದು ಅಂತ ಕೇಳ್ತಾರೆ. ಒಂದು ಒತ್ತಿದೋರು ನಾಳೆಯಿಂದ ಕೆಲಸಕ್ಕೆ ಬರ್ಬೇಡಿ.”

ಮಾಸ್ತಮ್ಮನಿಗೆ ಓದಲು ಬರುತ್ತಿರಲಿಲ್ಲ, ಅಂಕಿ ಗೊತ್ತಿತ್ತು. ಎರಡು ಒತ್ತಿದಳು. ಜೊತೆಗೆ ಕೆಸರು ಎತ್ತುತ್ತಿದ್ದ ರಂಗಮ್ಮನೂ ಒತ್ತಿದಳು; ಅವಳ ಮನೆಯಲ್ಲಿ ಇಬ್ಬರು ಮಲಗಿದ್ದರು. ಸಂಜೆಯೊಳಗೆ ಕನ್ನಪ್ಪ ಕೇರಿಯ ನಲವತ್ತು ಮನೆಗಳನ್ನೂ ಸುತ್ತಿ ಎರಡು ಒತ್ತಿಸಿದ. ಪ್ರಾಮಾಣಿಕ ಉತ್ತರಕ್ಕೆ ಧನ್ಯವಾದ ಎಂದು ಎಲ್ಲರಿಗೂ ಮೆಸೇಜು ಬಂತು.

ಮೂರನೆಯ ದಿನ ರಕ್ತ ಪರೀಕ್ಷೆಯ ವ್ಯಾನು ಕೇರಿಯ ಮುಂದೆಯೇ ಹಾದು ಪಕ್ಕದ ಬಡಾವಣೆಗೆ ಹೋಯಿತು. ಅಷ್ಟರಲ್ಲಿ ಮಾಸ್ತಮ್ಮನ ಗಂಡ ಜಟ್ಟಿಂಗಪ್ಪನ ವಸಡಿನಿಂದ ರಕ್ತ ಒಸರುತ್ತಿತ್ತು. ಮಾಸ್ತಮ್ಮ ವ್ಯಾನಿನ ಹಿಂದೆ ಓಡಿದಳು. ಬಡಾವಣೆಯಲ್ಲಿ ಶಾಮಿಯಾನ ಹಾಕಿದ್ದರು. ಸರ್ವೆಯ ಅಧಿಕಾರಿ ಹರಿಪ್ರಸಾದ್ ಮೇಜಿನ ಹಿಂದೆ ಕೂತಿದ್ದ.

“ನಮ್ಮ ಕೇರಿಗೂ ಬನ್ನಿ ಸ್ವಾಮಿ. ಮನೆಗೊಬ್ರು ಮಲ್ಗಿದಾರೆ.”

ಅವನು ಮೊಬೈಲು ನೋಡಿದ. “ನಲವತ್ತಕ್ಕೆ ನಲವತ್ತು ಮನೆ, ಜ್ವರ ಇಲ್ಲ. ನೀವೇ ಹೇಳಿದ್ದಲ್ವೇನಮ್ಮ? ನಮ್ಮ ಪಟ್ಟಿಯಲ್ಲಿ ನಿಮ್ಮದೇ ಫಸ್ಟ್.”

“ಹಂಗೆ ಒತ್ತಿಸಿದ್ದು ಮೇಸ್ತ್ರಿ.”

“ಮುಂದಿನ ತಿಂಗಳು ಮತ್ತೆ ಮೆಸೇಜ್ ಬರ್ತದೆ. ಆಗ ಸರಿಯಾಗಿ ಒತ್ತಿ.”

ಮಾಸ್ತಮ್ಮ ಕೇರಿಗೆ ವಾಪಸು ಬಂದಳು. ಕಸದ ತಳ್ಳುಗಾಡಿಯನ್ನು ಎರಡು ಕೊಡ ನೀರು ಹಾಕಿ ತೊಳೆದು ಚಾಪೆ ಹಾಸಿದಳು. ರಂಗಮ್ಮ ಕಾಲು ಹಿಡಿದಳು, ಇವಳು ಹೆಗಲು ಹಿಡಿದಳು. ಜಟ್ಟಿಂಗಪ್ಪ ಗಾಡಿಯಲ್ಲಿ ಮಂಡಿ ಮಡಚಿ ಮಲಗಿದ.

ಶಾಮಿಯಾನದೊಳಗೆ ಗಾಡಿ ನುಗ್ಗಿದಾಗ ಕುರ್ಚಿಯಲ್ಲಿದ್ದವರು ಮೂಗು ಮುಚ್ಚಿಕೊಂಡು ಎದ್ದರು. ಹರಿಪ್ರಸಾದನಿಗೆ ಟೀ ತಂದು ಕೊಡುತ್ತಿದ್ದ ಕನ್ನಪ್ಪ ಅಡ್ಡ ಬಂದ.

“ಕಸದ ಗಾಡಿ ಇಲ್ಲಿಗ್ಯಾಕೆ ತಂದ್ಯೇ ಲೌಡಿ? ನಿನ್ನ ಕೆಲಸ ಹೋಯ್ತು ಅಂತ ತಿಳ್ಕ.”

“ಹೋಗ್ಲಿ ಬಿಡೋ. ನಿನ್ನ ಚರಂಡಿಗೆ ನೀನೇ ಇಳಿದು ಕೆಸರು ಬಳ್ಕ.”

ಗಾಡಿ ಮೇಜಿಗೆ ತಾಗಿ ನಿಂತಿತು. ಟೀ ಚೆಲ್ಲಿತು. ಹರಿಪ್ರಸಾದ್ ಮತ್ತೆ ಮೊಬೈಲಿಗೆ ಕೈ ಹಾಕಿದ. ಮಾಸ್ತಮ್ಮ ಆ ಕೈಯ ಮಣಿಕಟ್ಟು ಹಿಡಿದು ಎಳೆದು ಗಂಡನ ಹಣೆಯ ಮೇಲೆ ಒತ್ತಿದಳು.

“ಮುಟ್ಟಿ ಹೇಳಿ.”

“ಏಯ್, ಕೈ ಬಿಡಮ್ಮ!”

ಅವನು ಎಳೆದುಕೊಳ್ಳಲು ನೋಡಿದ. ಅವಳದು ಹದಿನೆಂಟು ವರ್ಷ ಸಲಿಕೆ ಹಿಡಿದ ಕೈ, ಬಿಡಲಿಲ್ಲ. ಎದ್ದು ನಿಂತವರೆಲ್ಲ ಈಗ ಅವನ ಮುಖವನ್ನೇ ನೋಡುತ್ತಿದ್ದರು.

“ಇದೆ,” ಅಂದ, ತುಟಿ ಅಲುಗಿಸದೆ.

“ಕೇಳ್ಸಲಿಲ್ಲ ಸ್ವಾಮಿ,” ಮಾಸ್ತಮ್ಮ ಅಂದಳು. “ಎಲ್ರಿಗೂ ಕೇಳೋ ಹಂಗೆ ಹೇಳಿ.”