ಮಾತ್ರೆ ನುಂಗಿದ ಸಾಕ್ಷಿ

ನೆಲ್ಯಾಡಿಯ ರಾಹೇಲ್‌ಗೆ ಗಂಡನ ಮೇಲೆ ಸಂಶಯ ಹತ್ತಿ ಮೂರು ತಿಂಗಳಾಗಿತ್ತು. ಹೆಣ್ಣಿನ ವಿಷಯವಲ್ಲ, ಕುಡಿತವೂ ಅಲ್ಲ. ರಬ್ಬರ್ ಕೃಷಿಕ ಚಾಕೋನ ಎಕ್ಸ್‌ರೇ ನೋಡಿ ಡಾಕ್ಟರು ಕ್ಷಯ ಎಂದು ಮಾತ್ರೆ ಕೊಟ್ಟಿದ್ದರು. ಅದನ್ನು ಈ ಮಹಾರಾಯ ಕದ್ದು ಎಸೆಯುತ್ತಾನೆ ಎಂದು ಅವಳ ಗುಮಾನಿ. ಇಲ್ಲವಾದರೆ ಸಂಜೆಯ ಜ್ವರ ಏಕೆ ಇಳಿಯುವುದಿಲ್ಲ? ಆಳು ಒಣಗಿ ಕಡ್ಡಿಯಾದದ್ದೇಕೆ?

ಆಶಾ ಕಾರ್ಯಕರ್ತೆ ವಸುಮತಿ ಉರಿಯುವ ಬೆಂಕಿಗೆ ತುಪ್ಪ ಸುರಿದಳು. “ಮಾತ್ರೆ ತೆಗೆದ್ರೆ ಗುಣ ಆಗ್ಲೇಬೇಕು ಮಾರಾಯ್ರೆ. ಆ ಮಾತ್ರೆ ನುಂಗಿದ್ರೆ ಮೂತ್ರ ಕೆಂಪು ಹೋಗ್ತದೆ, ನೋಡಿ.”

ರಾಹೇಲ್ ನಾಚಿಕೆ ಬಿಟ್ಟು ಅದನ್ನೂ ನೋಡಿದಳು. ಕೆಂಪೇ ಇತ್ತು. ಆದರೂ ಸಂಶಯ ಬಿಡಬೇಕಲ್ಲ! ನಾನು ನೋಡುವ ದಿನ ಮಾತ್ರ ನುಂಗುತ್ತಾನೆ ಎಂದುಕೊಂಡಳು. ಬೈಬಲ್ ಮೇಲೆ ಕೈಯಿಡಿಸಿ ಆಣೆ ಮಾಡಿಸಿದಳು. ಮರುದಿನವೇ ಅವನು ಚಳಿಜ್ವರದಲ್ಲಿ ನಡುಗುತ್ತ ಮಲಗಿದಾಗ, ಸುಳ್ಳು ಆಣೆಗೆ ದೇವರು ಕೊಟ್ಟ ಶಿಕ್ಷೆ ಎಂದೂ ಅಂದುಬಿಟ್ಟಳು.

ಮೊಣಕಾಲು ಬಾತು ಕೀವು ತುಂಬಿದಾಗ ಪುತ್ತೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಕೀವು ಪರೀಕ್ಷೆಗೆ ಹೋದ ನಾಲ್ಕನೆಯ ದಿನ ಲ್ಯಾಬಿನ ಡಾಕ್ಟರ್ ನಿಖಿತಾ ತಾವೇ ವಾರ್ಡಿಗೆ ಬಂದರು.

“ನಿಮಗೆ ಶುಗರ್ ಉಂಟಲ್ಲ? ಮಳೆಗಾಲದಲ್ಲಿ ಕಾಲಿಗೆ ಗಾಯ ಎಂತಾದ್ರೂ ಆಗಿತ್ತಾ?”

“ರಬ್ಬರ್ ಮರ ಕೆತ್ತುವ ಟ್ಯಾಪಿಂಗ್ ಕತ್ತಿ ತಾಗಿತ್ತು,” ಎಂದ ಚಾಕೋ. “ರಬ್ಬರ್ ಹಾಲು ಹಚ್ಚಿದೆ. ನಾವು ಯಾವಾಗ್ಲೂ ಹಾಗೇ ಮಾಡುದು. ಮತ್ತೆ ಚರಂಡಿಯ ಕೆಸರು ತೆಗೆಯಲಿಕ್ಕೆ ಇಳಿದೆ.”

ನಿಖಿತಾ ವಿವರಿಸಿದರು. ಇದು ಮೆಲಿಯೊಯ್ಡೋಸಿಸ್, ಮಣ್ಣು ನೀರಿನಲ್ಲಿರುವ ಬ್ಯಾಕ್ಟೀರಿಯಾ ಗಾಯದ ಮೂಲಕ ಒಳಹೊಕ್ಕು ಬರುವ ರೋಗ, ಶುಗರ್ ಇದ್ದವರಿಗೆ ಹೆಚ್ಚು. ಎಕ್ಸ್‌ರೇಯಲ್ಲಿ ಕ್ಷಯದ ಹಾಗೆಯೇ ಕಾಣಿಸಬಹುದು, ಕ್ಷಯದ ಮಾತ್ರೆಗೆ ಮಾತ್ರ ಜಗ್ಗುವುದಿಲ್ಲ. ಕ್ಷಯ ಎಂದಾಗ ರಕ್ತ ಪರೀಕ್ಷಿಸಿದ್ದ ಹಳೆಯ ಲ್ಯಾಬಿಗೂ ಅವರು ಫೋನ್ ಮಾಡಿದ್ದರು. ಅಲ್ಲಿ ಮೊದಲ ರಕ್ತಪರೀಕ್ಷೆಯಲ್ಲೇ ಯಾವುದೋ ಬ್ಯಾಕ್ಟೀರಿಯಾ ಬೆಳೆದಿತ್ತಂತೆ. ಹೊರಗಿನ ಕೊಳೆ ಸೇರಿರಬೇಕು ಎಂದು ಬಿಟ್ಟಿದ್ದರಂತೆ.

“ಹಾಗಾದ್ರೆ ಇವರು ಮಾತ್ರೆ ತೆಗೆದಿದ್ರಾ?” ರಾಹೇಲ್ ಕೇಳಿದಳು.

“ಒಂದು ದಿನ ತಪ್ಪದೆ ತೆಗೆದ್ರೂ ಈ ಜ್ವರ ಬಿಡುದಿಲ್ಲಮ್ಮ. ಇವತ್ತೇ ಬೇರೆ ಇಂಜೆಕ್ಷನ್ ಸುರು ಮಾಡುವ. ಇನ್ನೂ ತಡ ಆಗಿದ್ರೆ ಜೀವಕ್ಕೇ ಅಪಾಯ ಇತ್ತು.”

ಡಾಕ್ಟರ್ ಹೋದ ಮೇಲೆ ರಾಹೇಲ್‌ಗೆ ಗಂಡನ ಮುಖ ನೋಡುವ ಧೈರ್ಯವಾಗಲಿಲ್ಲ. ಅವನು ನಾಲ್ಕು ಮಾತು ಬೈದಿದ್ದರೆ ಎದೆ ಹಗುರಾಗುತ್ತಿತ್ತು.

“ಬಯ್ಯಿರಿ ಅಚ್ಚಾಯಾ,” ಎಂದಳು.

“ಎಂತಕ್ಕೆ ಬಯ್ಯುದು?” ಚಾಕೋ ಮೆಲ್ಲಗೆ ಹೇಳಿದ. “ನೀನು ದಿನಾ ಹೇಳಿ ಹೇಳಿ ನನಗೇ ಸಂಶಯ ಬಂದಿತ್ತು. ನುಂಗಿದ ಮೇಲೂ ಬಾಯಿಗೆ ಬೆರಳು ಹಾಕಿ ನೋಡ್ತಿದ್ದೆ ರಾಹೇಲೇ, ನಿಜವಾಗಿ ಒಳಗೆ ಹೋಯ್ತಾ ಅಂತ.”